ನೀಲಿ ಫರ್ಸಿಯ ಮೇಲಿನ ಖಂಡ

“ನಿನ್ನ ಖಂಡದ ಮ್ಯಾಲ ಗ್ಯಾಸಿನ ಒಲಿ ಇಟ್ಟಾರ, ಸಂಪದಾ!”

“ಏನಂದಿ?”

“ಖರೇನೇ ಹೇಳಾಕತ್ತೀನಿ. ನಮ್ಮ ಸೋದರತ್ತಿ ಹೊಸಾ ಮನ್ಯಾಗ ಅಡಿಗಿ ಒಲಿ ಕಟ್ಟಿ ಮ್ಯಾಲ ನಿನ್ನ ಫರ್ಸಿ ಕಲ್ಲೇ ಹಾಕ್ಯಾರ. ಮೂರುಹೆಡಿ ಗುಡ್ಡದ ಮ್ಯಾಲ ಈಗಷ್ಟೇ ಹಾಲು ಉಕ್ಕಿಸಿದ್ರು.”

ಗೆಳತಿ ಮಹಾನಂದಾ ಗೃಹಪ್ರವೇಶಕ್ಕೆಂದು ಜಹೀರಾಬಾದಿಗೆ ಹೋದವಳು. ಫೋನಿನಲ್ಲಿ ಅವಳ ಹಿಂದೆ ಮಂಗಳಾರತಿಯ ಗಂಟೆ, ಹೆಂಗಸರ ಗದ್ದಲ. ಅವಳಿಗೆ ನಗು ತಡೆಯಲಾಗುತ್ತಿಲ್ಲ.

“ಸೋದರತ್ತಿಗೆ ಭಾಳ ಸೇರ್ಯಾದ. ಡಿಜೈನ್ ಫರ್ಸಿ ಅಂತ ತಿಳಕೊಂಡಾಳ. ಬಂದವರಿಗೆಲ್ಲಾ ತೋರ್ಸಾಕತ್ಯಾಳ.”

ಫೋನ್ ಕಟ್ ಮಾಡಿದೆ. ಚಪ್ಪಲಿ ಯಾವಾಗ ಹಾಕಿಕೊಂಡೆನೋ ನೆನಪಿಲ್ಲ.

ಅರುವಾಳ ನಾನೇ ಕಲ್ಪಿಸಿ ಬರೆದ ಖಂಡ. ನನ್ನದು ಎಂದರೆ ನಮ್ಮದು. ಭಾನುವಾರ ನಾವು ಮೂವರು ಅದರ ಸುತ್ತ ಕುಳಿತು ಆಡುತ್ತಿದ್ದೆವು. ಗೆಳೆಯ ಬಸವಕಿರಣ ಕಥೆ ಹೇಳುತ್ತಾನೆ. ನಾನೂ ಮಹಾನಂದಾಳೂ ಆ ಕಥೆಯೊಳಗಿನ ಪಾತ್ರಗಳಾಗಿ ನಡೆಯುತ್ತೇವೆ. ದಾಳ ಬಿದ್ದ ಹಾಗೆ ಬದುಕುತ್ತೇವೆ, ಸಾಯುತ್ತೇವೆ. ಕಥೆ ಅವನದು, ನೆಲ ನನ್ನದು. ಮೊದಲು ಚಾರ್ಟ್ ಶೀಟಿನ ಮೇಲೆ ಬರೆದಿದ್ದೆ. ಮಡಚಿ ಮಡಚಿ ರಾಜಧಾನಿಯ ಮೇಲೇ ತೂತು ಬಿತ್ತು. ಆಗ ಅವನು ತನ್ನ ಅಪ್ಪನ ಕಲ್ಲು ಪಾಲಿಶ್ ಫ್ಯಾಕ್ಟರಿಯಿಂದ ಒಂದು ನೀಲಿ ಫರ್ಸಿ ಎಳೆದು ತಂದು, ಅಂಗಳದ ಬೇವಿನ ಮರದ ಕೆಳಗೆ ಹಾಸಿ, “ಇದು ಹರಿಯಂಗಿಲ್ಲ, ಇದರ ಮ್ಯಾಲ ಬರಿ” ಅಂದಿದ್ದ.

ಸಮುದ್ರಕ್ಕೆ ಬಣ್ಣವೇ ಬೇಕಾಗಲಿಲ್ಲ. ತಾಂಡೂರಿನ ಕಲ್ಲೇ ಕಡಲಾಯಿತು. ಆಯಿಲ್ ಪೇಂಟಿನಲ್ಲಿ ದಂಡೆ ಎಳೆದೆ, ಗುಡ್ಡ ಏರಿಸಿದೆ, ಕಾಡು ಬೆಳೆಸಿದೆ. ಕಡಲು ಸೇರುವಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುವ ಹೊಳೆಗೆ ಶಾವಿಗಿ ಹೊಳೆ ಎಂದು ಹೆಸರಿಟ್ಟೆ. ಒಂದು ಇಡೀ ಬೇಸಿಗೆ. ಅಷ್ಟು ದಿನವೂ ಅವನು ಪಕ್ಕದಲ್ಲಿ ಪೇಂಟಿನ ಡಬ್ಬಿ ಹಿಡಿದು ಕುಳಿತಿದ್ದ.

ಅದನ್ನೇ ಮಾರಿಬಿಟ್ಟನೇ? ಅವನಿಗೆ ಅದು ಬರೀ ಫರ್ಸಿಯೇ? ಹಾಗಾದರೆ ಆ ಬೇಸಿಗೆಯೂ ಬರೀ ಬಿಸಿಲೇ?

ಫ್ಯಾಕ್ಟರಿಯಲ್ಲಿ ಕೆಲಸದಾಳು ಮರೆಪ್ಪ ಮಷೀನಿನ ಮುಂದಿದ್ದ. ನನ್ನ ಮುಖ ಕಂಡದ್ದೇ ಸ್ವಿಚ್ ಆಫ್ ಮಾಡಿದ.

“ನಿಮ್ಮ ಸಣ್ಣ ಸಾವಕಾರ ಎಲ್ಲದಾನ?”

“ಹಿಂದ ಶೆಡ್ಡಿನ್ಯಾಗ ಅದಾನ್ರಿ ಅಕ್ಕಾ. ಹೋಗ್ರಿ. ಆದ್ರ ಅಲ್ಲಿ ಕಲ್ಲು ಭಾಳ ಬಿದ್ದಾವ, ಕೈಯಾಗ ತಗೋಬ್ಯಾಡ್ರಿ.”

ಕಿರಣ ಮೊಣಕಾಲೂರಿ ಕುಳಿತಿದ್ದ. ಮೂಗಿನ ಮೇಲೆ ಹಸಿರು ಬಣ್ಣ. ನನ್ನನ್ನು ನೋಡಿ ಗಡಬಡಿಸಿ ಎದ್ದು, ಹಿಂದಿರುವುದೇನನ್ನೋ ಮರೆ ಮಾಡಿ ನಿಂತ.

“ಫರ್ಸಿ ಎಲ್ಲದ?”

“ಒಳಗ ಇಟ್ಟೀನಿ ಅಂದಿದ್ನಲ್ಲ. ಧೂಳು ಬೀಳ್ತದಂತ...”

“ಸುಳ್ಳ! ಜಹೀರಾಬಾದಿನ್ಯಾಗ ಅದರ ಮ್ಯಾಲ ಪಾಯಸ ಕುದಿಯಾಕತ್ತದ!”

ಅವನ ಮುಖ ನೆಲದ ಮೇಲಿನ ಕಲ್ಲುಪುಡಿಯಷ್ಟು ಬೆಳ್ಳಗಾಯಿತು.

“ನಾ ಮಾರಿಲ್ಲ. ನಿನ್ನಾಣಿ. ಮಷೀನಿನ ರಾಡಿ ಸಿಡೀತದಂತ ಬೋರಲ ಹಾಕಿ ಇಟ್ಟಿದ್ದೆ. ಹಿಂದಿನ ಮಗ್ಗಲಾ ಎಲ್ಲಾ ಫರ್ಸಿನೂ ಒಂದೇ ಕಾಣ್ತಾವ. ನಾ ಕಾಲೇಜಿಗೆ ಹೋದಾಗ ಅಪ್ಪ ಲಾರಿಗೆ ಹಾಕ್ಸ್ಯಾನ.”

“ಮತ್ತ ಹೇಳಾಕ ಬಾಯಿಗೆ ಏನಾಗಿತ್ತು? ‘ಪರೀಕ್ಷಾ ಮುಗೀಲಿ, ಆಮ್ಯಾಲ ಆಡೋಣು’ ಅಂತ ಎಷ್ಟ ಭಾನುವಾರ ಟೋಪಿ ಹಾಕಿದಿ ನನಗ!”

“ನೀ ಅಳ್ತಿ ಅಂತ...”

“ನಾ ಅಳಂಗಿಲ್ಲ. ಕಡೀತೀನಿ. ಸರಿ ಆಕಡೆ!”

ಅವನು ಸರಿದ. ನೆಲದ ಮೇಲೆ ಇನ್ನೊಂದು ನೀಲಿ ಫರ್ಸಿ, ಅದರ ಮೇಲೆ ಇನ್ನೂ ಒಣಗದ ಬಣ್ಣ.

“ಇದ್ಯಾವ ದೇಶ?”

“ಅರುವಾಳ. ನಿನಗ ಗೊತ್ತಾಗೂದ್ರಾಗ ಹೊಸಾದು ಬರದು ಇಡಬೇಕಂತ...”

“ಅರುವಾಳ ಇದು? ಹೊಳಿ ಸಮುದ್ರದಾಗ ಹುಟ್ಟಿ ಗುಡ್ಡ ಹತ್ತಾಕತ್ತದ! ಮೂರುಹೆಡಿ ಗುಡ್ಡಕ್ಕ ಹೆಡಿ ಎರಡೇ ಅದಾವ! ರಾಜಧಾನಿ ಎಲ್ಲಿ?”

ಅವನು ಹೆದರುತ್ತಾ ಬೆರಳಿಟ್ಟ. ನಟ್ಟನಡು ಕಡಲಲ್ಲಿ.

“ಮುಳುಗಿಸಿಬಿಟ್ಟಿ!”

ಸಿಟ್ಟಿಗೇ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಸಿಟ್ಟು.

“ಒಂದು ಬೇಸಿಗಿ ಪೂರಾ ನನ್ನ ಮಗ್ಗಲ ಕುಂತಿದ್ದಿ, ಕಿರಣ. ಹೊಳಿ ಎತ್ತಾಗ ಹರೀತದ ಅಂತ ಒಮ್ಮೆರೆ ನೋಡಿದ್ದೇನು?”

“ಇಲ್ಲ.”

ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಅಷ್ಟು ನೇರ ಉತ್ತರಕ್ಕೆ ನಾನು ತಯಾರಿರಲಿಲ್ಲ.

“ಮತ್ತ ಏನ್ ನೋಡ್ಕೋತ ಕುಂತಿದ್ದಿ?”

ಕುಂಚವನ್ನು ಅಂಗಿಗೇ ಒರೆಸಿದ. ಮೊದಲು ನನ್ನ ಚಪ್ಪಲಿ ನೋಡಿದ, ಆಮೇಲೆ ಕೈಬಳೆ, ಆಮೇಲೆ ಎಲ್ಲೂ ನಿಲ್ಲದೆ ಸೀದಾ ಕಣ್ಣು.

“ನಿನ್ನ.”

ಮಷೀನ್ ನಿಂತಿತ್ತು. ಇಡೀ ಫ್ಯಾಕ್ಟರಿಗೆ ಕೇಳಿಸಿರಬೇಕು.

“ದಂಡಿ ಎಳಿಯೂ ಮುಂದ ನೀ ನಾಲಿಗಿ ತುದಿ ಹಲ್ಲಾಗ ಹಿಡೀತಿ. ಗಿಡ ಬರಿಯೂ ಮುಂದ ಉಸಿರ ಬಿಗಿ ಹಿಡೀತಿ, ಕಾಡು ಮುಗಿಯೂತನ ಬಿಡಂಗಿಲ್ಲ. ನನಗ ಹೆದರಿಕಿ ಆಗ್ತಿತ್ತು. ಕುಂಚದ ಹಿಂದಿನ ತುದೀಲೆ ಕೂದಲಾ ಸರಸ್ತಿ. ಇದೆಲ್ಲಾ ನೆಪ್ಪದ. ಹೊಳಿದು ಮಾತ್ರ ಗೊತ್ತಿಲ್ಲ, ಸಂಪದಾ. ಗುಡ್ಡದ್ದೂ ಗೊತ್ತಿಲ್ಲ. ನಾಲ್ಕ ಸಲ ಅಳಸಿ ಬರದೀನಿ, ಏನೂ ಬರವಲ್ದು.”

ಸಿಟ್ಟು ಇಳಿಯಬೇಕಿತ್ತು. ಇನ್ನಷ್ಟು ಏರಿತು. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಬಿಸಿ.

“ಇದನ್ನ ಆವಾಗೇ ಹೇಳಾಕ ಏನಾಗಿತ್ತು?”

“ನೀ ಕುಂಚ ಹಿಡದಾಗ ಯಾರರೆ ಮಾತಾಡಿದ್ರ ಬೈತಿದ್ದಿ.”

“ಈಗೂ ಬೈತೀನಿ! ಪಾಗಲ್! ಹೇಳೂ ಮಾತು ಎರಡಿದ್ವು, ಎರಡೂ ಮುಚ್ಚಿಟ್ಟಿ. ಕೆಟ್ಟದ್ದೂ ಮುಚ್ಚಿಟ್ಟಿ, ಚೊಲೋದೂ ಮುಚ್ಚಿಟ್ಟಿ!”

ಅವನ ಕಣ್ಣು ಒಮ್ಮೆಲೇ ಬೆಳಗಿತು. “ಅಂದ್ರ... ಇದು ಚೊಲೋದಾ?”

ಸಿಕ್ಕಿಬಿದ್ದೆ. ಪುಣ್ಯಕ್ಕೆ ಫೋನ್ ರಿಂಗಾಯಿತು. ಮಹಾನಂದಾಳ ನಂಬರ್, ಆದರೆ ದನಿ ಅವಳ ಸೋದರತ್ತೆ ಸುಮಿತ್ರಾಬಾಯಿಯವರದು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ.

“ಯವ್ವಾ, ಇದು ನೀ ಬರದದ್ದಂತ? ನನಗೇನ್ ಗೊತ್ತವ್ವಾ! ಕೀಳಬೇಕಂದ್ರ ಸಿಮೆಂಟ್ ಗಟ್ಟಿ ಕೂತಾದ, ಒಡದು ಹೋಗ್ತದ. ನೀ ಹಿಂಗ ಮಾಡು. ನಾಳೆ ಬಾ. ಒಲಿ ತಗದು, ಒರಸಿ ಇಡ್ತೀನಿ. ದೊಡ್ಡ ತೆಳ್ಳನ್ನ ಹಾಳಿ ತಂದು, ಮ್ಯಾಲ ಹಾಸಿ, ಗೆರಿ ಎಲ್ಲಾ ತಿದ್ದಿ ತಗೊಂಡು ಹೋಗು. ಊಟಾ ಇಲ್ಲೇ.”

“ಬರ್ತೀನ್ರಿ ಅತ್ತೀ.”

“ಒಬ್ಬಾಕಿನೇ ಬರ್ತಿಯೇನು?”

ಕಿರಣ ಉಸಿರು ಬಿಗಿ ಹಿಡಿದು ನಿಂತಿದ್ದ. ಅವನನ್ನು ಇನ್ನಷ್ಟು ಹೊತ್ತು ಹಾಗೇ ನಿಲ್ಲಿಸಬೇಕೆನಿಸಿತು. ನಿಲ್ಲಿಸಿದೆ.

“ಇಬ್ರು ಬರ್ತೀವ್ರಿ,” ಅಂದೆ.

ಫೋನ್ ಇಟ್ಟ ಮೇಲೆ ಅವನು ಮೆಲ್ಲಗೆ ಕೇಳಿದ: “ಬೈಕ್ ತರ್ಲಾ?”

“ಬ್ಯಾಡ. ಬಸ್ಸಿಗೆ ಹೋಗೂಣು. ಬೈಕಿನ ಮ್ಯಾಲ ಬೈದದ್ದು ಗಾಳಿಗೆ ಹೋಗ್ತದ. ಮುಂಜಾನಿ ಎಂಟಕ್ಕ ಬಸ್ ಸ್ಟ್ಯಾಂಡಿನ್ಯಾಗ ಇರು.”

“ಜಹೀರಾಬಾದ್ ಬರೂತನಾ ಬೈತೀಯೇನು?”

“ಹೂಂ. ಸಾಲಲಿಲ್ಲಂದ್ರ ತಿರುಗಿ ಬರೂ ಮುಂದೂ.”

“ಹಂಗಾದ್ರ,” ಎಂದ ಅವನು, ಮೂಗಿನ ಹಸಿರನ್ನು ಕೆನ್ನೆಗೂ ಒರೆಸಿಕೊಳ್ಳುತ್ತ, “ನಾ ಏಳಕ್ಕೇ ಬಂದಿರ್ತೀನಿ.”