ಇಬ್ಬರು ಹಿಡಿದು ಕೂರಿಸಿದ ಸೀಟು

ಹೊಸ ಸೀಟಿನ ಮೇಲೆ ಕೂತ ಇಂದ್ರಾಣಿಯ ಎರಡೂ ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದವು.

ನಂಜನಗೂಡಿನ ಆ ಪುಟ್ಟ ಅಂಗಳದಲ್ಲಿ ಬೈಕು ಡಬಲ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಬಿಚ್ಚಿದ ಹಳೇ ಸೀಟು ನುಗ್ಗೆಮರಕ್ಕೆ ಒರಗಿತ್ತು. ಬೆಳಗಿನಿಂದ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಆನ್‌ಲೈನಲ್ಲಿ ತರಿಸಿದ ಸೀಟನ್ನು ಅವಳೇ ಹೆಣಗಾಡಿ ಕೂರಿಸಿದ್ದಳು. ತರಿಸಿದ್ದು ಎತ್ತರ ತಗ್ಗಿಸುವ ಲೋ ಸೀಟು. ಆದರೆ ಮೊದಲು ತುದಿಬೆರಳಾದರೂ ನೆಲ ಮುಟ್ಟುತ್ತಿತ್ತು. ಈಗ ಅದೂ ಇಲ್ಲ.

“ಗಾಡಿ ಮೇಲೆ ಕೂತಿದ್ದೀಯೋ, ಅಟ್ಟದ ಮೇಲೆ ಕೂತಿದ್ದೀಯೋ?” ಸೊಪ್ಪು ಬಿಡಿಸುತ್ತಾ ಬಾಗಿಲಲ್ಲಿ ಕೂತಿದ್ದ ಅವಳ ಅವ್ವ ಮಾದಮ್ಮ ಕೇಳಿದರು. “ಮಾರ್ಬುಡು ಅಂದ್ರೆ ಕೇಳಲ್ಲ ನೀನು.”

ಇಂದ್ರಾಣಿ ತಾಂಡ್ಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಳು. ಕಾಲೇಜಿನ ದಿನದಿಂದ ಕಣ್ಣಿಟ್ಟಿದ್ದ ಗಾಡಿಯನ್ನು ಸೆಕೆಂಡ್ ಹ್ಯಾಂಡಾದರೂ ಸರಿ ಎಂದು ಈ ವರ್ಷ ಕೊಂಡಿದ್ದಳು. ಮೊನ್ನೆ ಗೇಟಿನ ಮುಂದೆ ಬ್ರೇಕ್ ಹಿಡಿದಾಗ ಕಾಲು ಎಟುಕದೆ ಗಾಡಿ ಸಮೇತ ಉರುಳಿದ್ದಳು. ಮಂಡಿ ತರಚಿದ್ದು ವಾಸಿಯಾಗಿತ್ತು. ಶಿಫ್ಟಿಗೆ ಬಂದವರೆಲ್ಲ ನಿಂತು ನೋಡಿದ್ದು ಮಾತ್ರ ಇನ್ನೂ ಚುರುಗುಟ್ಟುತ್ತಿತ್ತು.

ಆಗ ಫೋನು ಬಂತು.

“ಹಲೋ, ಇಂದ್ರಾಣಿಯವರಾ? ನಿಮ್ಮ ಸೀಟು ನನ್ನ ಹತ್ರ ಇದೆ.”

“ಯಾವ ಸೀಟ್ರೀ? ಎಂಎಲ್‌ಎ ಸೀಟಾ?”

“ಅಲ್ಲ ಕಣ್ರೀ, ಬೈಕಿಂದು.”

“ಓಹೋ. ಈಗ ಒಂದು ಓಟಿಪಿ ಬರುತ್ತೆ, ಅದನ್ನ ಹೇಳ್ಬೇಕು, ಅಷ್ಟೇ ತಾನೆ?”

“ಅಯ್ಯೋ, ಓಟಿಪಿ ಬೇಡ. ನನ್ನ ಸೀಟು ನಂಗೆ ಕೊಟ್ಬಿಡಿ ಸಾಕು!”

ಆ ಕಡೆಯ ದನಿಯಲ್ಲಿ ನಗುವಿತ್ತು. ಹೆಸರು ಚಂದ್ರಶೇಖರ್, ಊರು ನರಸೀಪುರ, ಡೇರಿಯಲ್ಲಿ ಕೆಲಸ. ಇಬ್ಬರದೂ ಒಂದೇ ಮಾಡೆಲ್ ಗಾಡಿ. ಹಳ್ಳಿ ಹಳ್ಳಿ ಸುತ್ತಿ ಮಂಡಿ ಹಿಡಿದುಕೊಳ್ಳುತ್ತದೆಂದು ಅವನು ದಪ್ಪನೆಯ ಎತ್ತರದ ಸೀಟು ತರಿಸಿದ್ದ. ಪ್ಯಾಕ್ ಮಾಡಿದವರು ಅದಲು ಬದಲು ಮಾಡಿದ್ದರು. ಅವನ ಬಾಕ್ಸಿನೊಳಗಿನ ಬಿಲ್ಲಿನಲ್ಲಿ ಅವಳ ನಂಬರಿತ್ತು.

“ನಂಬಿಕೆ ಇಲ್ಲ ಅಂದ್ರೆ ಫೋಟೊ ಕಳಿಸ್ತೀನಿ ನೋಡಿ.”

ಫೋಟೊ ಬಂತು. ಕುಳ್ಳ ಸೀಟಿನ ಮೇಲೆ ಉದ್ದನೆಯ ಹುಡುಗ. ಮಂಡಿಗಳು ಹ್ಯಾಂಡಲ್ಲಿನ ಪಕ್ಕ ಎದ್ದು ನಿಂತಿದ್ದವು. ಇಂದ್ರಾಣಿ ಜೋರಾಗಿ ನಕ್ಕುಬಿಟ್ಟಳು.

“ಯಾರೇ ಅದು?” ಎಂದರು ಮಾದಮ್ಮ.

“ಕಪ್ಪೆ ಕಣವ್ವ. ನರಸೀಪುರದ ಕಪ್ಪೆ. ಇಲ್ಲಿಗೇ ಬರ್ತದಂತೆ.”

ಬಂದ. ಅವಳ ಸೀಟಿನ ಮೇಲೆ ಕೂತುಕೊಂಡೇ ಬಂದ. ಬೈಕಿನಿಂದ ಇಳಿಯುವಾಗ ಮಡಚಿಟ್ಟ ಏಣಿ ಬಿಚ್ಚಿದಂತೆ ಉದ್ದವಾದ. ಬಿಸಿಲಿಗೆ ಕೆಂಪಾದ ಮುಖ, ಧೂಳು ಹಿಡಿದ ರೆಪ್ಪೆ. ಅಂಗಳದ ಗಾಡಿಯನ್ನು ನೋಡಿ, ಅವಳ ಎತ್ತರ ನೋಡಿ, ತುಟಿ ಕಚ್ಚಿ ನಗು ತಡೆದ.

“ನಗಬೇಕು ಅನ್ಸಿದ್ರೆ ನಕ್ಕುಬಿಡಿ. ನಾನೂ ನಿಮ್ಮ ಫೋಟೊ ನೋಡಿ ನಕ್ಕಾಯ್ತು.”

“ಸ್ಪ್ಯಾನರ್ ನಿಮ್ಮ ಕೈಲಿದೆ. ನಗಕ್ಕೆ ಧೈರ್ಯ ಇಲ್ಲ.”

ಸೀಟುಗಳನ್ನು ಬಿಚ್ಚಿದ್ದು ಸಲೀಸು. ಕೂರಿಸುವಾಗ ಕಷ್ಟ ಶುರುವಾಯಿತು. ಲೋ ಸೀಟಿನ ಮುಂದಿನ ನಾಲಿಗೆಯನ್ನು ಟ್ಯಾಂಕಿನ ಬುಡದ ಹುಕ್ಕಿಗೆ ತೂರಿಸಿದರೆ ಹಿಂದಿನ ಬೋಲ್ಟಿನ ತೂತು ಸೇರದು. ಅದನ್ನು ಸೇರಿಸಿದರೆ ನಾಲಿಗೆ ಹೊರಗೆ ಜಾರುವುದು. ಒಬ್ಬರು ಮೇಲಿಂದ ಒತ್ತಿ ಮುಂದಕ್ಕೆ ತಳ್ಳಬೇಕು, ಅಷ್ಟರಲ್ಲಿ ಇನ್ನೊಬ್ಬರು ಬೋಲ್ಟ್ ತಿರುಗಿಸಬೇಕು.

“ಒತ್ತಿ. ಇನ್ನೂ ಒತ್ತಿ.”

“ತಿಂಡಿ ತಿಂದಿಲ್ಲ ಕಣ್ರೀ. ಇರೋ ಶಕ್ತಿ ಇಷ್ಟೇ.”

“ಮಾತಿಗೆ ಮಾತ್ರ ಶಕ್ತಿ ಚೆನ್ನಾಗಿದೆ.”

ಅವಳು ಚಕ್ರದ ಪಕ್ಕ ಮಂಡಿಯೂರಿ ಬೋಲ್ಟ್ ಹಿಡಿದಿದ್ದಳು. ಅದು ಎರಡು ಸುತ್ತು ಹೋಗಿ ನಿಂತಿತು. ಅವನ ತೋಳು ಅವಳ ತಲೆಯ ಮೇಲೆ ಚಪ್ಪರದಂತೆ ಬಾಗಿತ್ತು. ತಲೆಯೆತ್ತಿದಳು. ಅವನು ಬೋಲ್ಟನ್ನು ನೋಡುತ್ತಿರಲಿಲ್ಲ.

“ಬೋಲ್ಟ್ ಇಲ್ಲಿದೆ,” ಎಂದಳು.

“ಗೊತ್ತು.”

“ಮತ್ತೆ?”

“ಕೆನ್ನೇಲಿ ಗ್ರೀಸ್ ಇದೆ.”

ಅವಳು ಕೈಯಿಂದ ಒರೆಸಿಕೊಂಡಳು. ಈಗ ಎರಡೂ ಕೆನ್ನೆ ಕಪ್ಪಾದವು. ಅವನು ಇನ್ನು ತಡೆಯಲಾರದೆ ನಕ್ಕ. ನಗುವ ಭರದಲ್ಲಿ ಮೈಭಾರವೆಲ್ಲ ಸೀಟಿನ ಮೇಲೆ ಬಿತ್ತು. ಟಕ್ ಎಂದು ನಾಲಿಗೆ ಒಳಗೆ ಸೇರಿತು, ಬೋಲ್ಟ್ ಬೆಣ್ಣೆಯಂತೆ ತಿರುಗಿತು.

ಸ್ಟ್ಯಾಂಡ್ ತೆಗೆದು ಹತ್ತಿ ಕೂತಳು. ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ! “ಅವ್ವಾ! ನೋಡವ್ವ ಇಲ್ಲಿ!” ಎಂದು ಕೂಗಿ, ಚಪ್ಪಲಿಯೂ ಇಲ್ಲದೆ ಬೀದಿಯಲ್ಲಿ ಒಂದು ಸುತ್ತು ಹೊಡೆದು, ಸುಮ್ಮಸುಮ್ಮನೆ ಹಾರ್ನ್ ಬಾರಿಸಿಕೊಂಡು ಬಂದಳು. ಗೇಟಿನ ಬಳಿ ನಿಂತ ಅವನ ಮುಖದಲ್ಲೂ ಅದೇ ಖುಷಿ ಕಂಡಿತು. ಅಪರಿಚಿತನೊಬ್ಬನಿಗೆ ತನ್ನ ಪಾದ ನೆಲ ಮುಟ್ಟಿದ್ದಕ್ಕೆ ಇಷ್ಟು ಸಂತೋಷವೇಕೆ ಎಂದು ಅವಳು ಒಂದು ಕ್ಷಣ ತಬ್ಬಿಬ್ಬಾದಳು.

ಅವನ ಸೀಟನ್ನು ಕೂರಿಸುವಾಗ ಅವಳು ಒತ್ತಿದಳು, ಅವನು ತಿರುಗಿಸಿದ. ಬಿಗಿಯಾದ ಬೋಲ್ಟನ್ನು ಮತ್ತೆ ಸಡಿಲಿಸಿ ಮತ್ತೆ ಬಿಗಿ ಮಾಡಿದ್ದನ್ನು ಅವಳು ನೋಡಿಯೂ ನೋಡದಂತಿದ್ದಳು.

ಮಾದಮ್ಮ ಕಾಫಿ ತಂದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಅವನು ನೋಡಿದ, ಕಾಫಿ ಕುಡಿದ, ಸಕ್ಕರೆ ಇನ್ನೊಂದು ಚೂರು ಬೇಕಿತ್ತು ಎಂದ. “ಯಾರ ಮನೆಯಪ್ಪ?” ಎಂದು ಮಾದಮ್ಮ ಕೇಳಿದರೆ “ಗದ್ದೆ ಶಿವಸ್ವಾಮಿಯವರ ಮನೆ” ಎಂದ. ಅವರು ಲೋಟ ತಟ್ಟನೆ ತೆಗೆದುಕೊಂಡು ಒಳಗೆ ಹೋದರು.

ಸಂಜೆ ಮೆಸೇಜು ಬಂತು. “ಸೀಟು ಅಲ್ಲಾಡ್ತಿದೆ ಅನ್ಸುತ್ತೆ.”

“ನೀವೇ ಟೈಟ್ ಮಾಡ್ಕೊಳ್ಳಿ.”

“ಅದಕ್ಕೆ ಇಬ್ಬರು ಬೇಕಲ್ವಾ?”

ಫೋನನ್ನು ದಿಂಬಿನಡಿ ತಳ್ಳಿ, ಮತ್ತೆ ತೆಗೆದು, ಮತ್ತೆ ಓದಿದಳು.

ಆಮೇಲೆ ಸುತ್ತೂರಿನ ದಾರಿಯ ಟೀ ಅಂಗಡಿ ಇಬ್ಬರಿಗೂ ಹತ್ತಿರವೆನಿಸಿತು. ಅತ್ತ ಕಡೆಯಿಂದ ಒಂದು ಗಾಡಿ, ಇತ್ತ ಕಡೆಯಿಂದ ಒಂದು. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಒಂದು ಭಾನುವಾರ ತಲಕಾಡಿಗೆ ಹೋದಾಗ ಅವಳ ಗಾಡಿಯ ಸ್ಟ್ಯಾಂಡು ಮರಳಿನಲ್ಲಿ ಹೂತಿತು. ಇಬ್ಬರೂ ಎರಡು ಬದಿ ಹಿಡಿದು ಎತ್ತುತ್ತಿದ್ದಾಗ, ಏದುಸಿರಿನ ನಡುವೆ, ಅವನು ಹೇಳಿಬಿಟ್ಟ.

“ಇಂದ್ರಾ, ನಂಗೆ ನೀನು ಬೇಕು ಕಣೇ. ಇದೆಲ್ಲ ಬರೀ ನೆಪ.”

ಅವಳ ಕೈ ಸಡಿಲವಾಯಿತು. ಗಾಡಿ ಮತ್ತೆ ಮರಳಿಗೆ ಕುಸಿಯಿತು.

“ಗಾಡಿ ಹಿಡ್ಕೊಂಡಾಗ್ಲೇ ಹೇಳ್ಬೇಕಿತ್ತಾ?” ಎಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. “ಬಂದು ಅವ್ವನ್ನ ಕೇಳು.”

ಕೇಳಿದ. ಮಾದಮ್ಮ ಅವನಿಗೆ ಮುದ್ದೆ ಬಡಿಸಿ, ಉಣ್ಣುವ ತನಕ ಕಾದು, ಎದುರಿಗೆ ಕೂತರು.

“ನಮ್ಮನೇಲಿ ಉಂಡೆ. ಅದೇನು ದೊಡ್ಡದಲ್ಲ ಕಣಪ್ಪ, ಈಗ ಎಲ್ಲಾರೂ ಉಣ್ತಾರೆ. ನಿಮ್ ಗದ್ದೇಲಿ ಇವಳ ತಾತ ದುಡಿದೋನು. ನಿಮ್ ಜಗಲಿ ಮೆಟ್ಲು ಅತ್ತಕ್ಕೆ ಬಿಡ್ಲಿಲ್ಲ ಅವನ್ನ. ನನ್ ಮಗಳನ್ನ ಆ ಬಾಗ್ಲಿಂದ ಒಳಕ್ಕೆ ಕರ್ಕೊಂಡೋಯ್ತೀಯಾ? ಅದೇಳು.”

ಚಂದ್ರು ತನ್ನ ಎಂಜಲು ಕೈ ನೋಡಿಕೊಂಡ. “ಮನೇಲಿ ಮಾತಾಡ್ತೀನಿ,” ಎಂದು ಎದ್ದುಹೋದ. ಆಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ. ಫ್ಯಾಕ್ಟರಿಯಲ್ಲಿ ಕೈಗೆ ಬಂದ ಪೀಸುಗಳನ್ನೆಲ್ಲ ಇಂದ್ರಾಣಿ ರಿಜೆಕ್ಟ್ ಮಾಡತೊಡಗಿದಳು. ಗೆಳತಿ ನಂದಿತಾ ಒಂದು ಪೀಸನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ಸರಿಯಾಗೇ ಇದೆಯಲ್ಲೇ, ಯಾರ ಮೇಲೆ ಸಿಟ್ಟು?” ಎಂದರೆ ಅದನ್ನು ಕಿತ್ತುಕೊಂಡು ಮತ್ತೆ ರಿಜೆಕ್ಟ್ ಡಬ್ಬಿಗೇ ಹಾಕಿದಳು. ಅವನಾಗಿ ಬರದಿದ್ದರೆ ತಾನೂ ಕರೆಯುವುದಿಲ್ಲ ಎಂದು ಹಟ ಹಿಡಿದಿದ್ದಳು. ಹಟದಡಿಯಲ್ಲಿ ಅಳುವಿತ್ತು.

ಮುಂದಿನ ಭಾನುವಾರ ಗೇಟು ಕಿರುಗುಟ್ಟಿತು. ಗಾಡಿಯ ಸದ್ದಿಲ್ಲ. ಚಂದ್ರು ನಡೆದು ಬಂದಿದ್ದ. ಗಡ್ಡ ಬಂದಿತ್ತು, ಅಂಗಿ ಬೆವರಿಗೆ ಒದ್ದೆಯಾಗಿತ್ತು.

“ಗಾಡಿ ಎಲ್ಲಿ?” ಎಂದಳು, ಬೇರೇನೂ ತೋಚದೆ.

“ಕೀ ಅಪ್ಪ ಕಿತ್ಕೊಂಡ್ರು. ಫೋನೂ. ಅಪ್ಪ ಮಾತು ಬಿಟ್ಟವ್ರೆ.” ಉಸಿರು ಎಳೆದುಕೊಂಡ. “ಅಮ್ಮ ಮಾತ್ರ ನಿನ್ನೆ, ‘ಆ ಹುಡುಗೀನ ಕರ್ಕೊಂಡು ಬಾ, ನಾನು ನೋಡ್ಬೇಕು’ ಅಂದ್ರು. ಎದ್ದವನೇ ಬಸ್ ಹತ್ತಿದೆ. ಅವತ್ತು ನಿಮ್ಮವ್ವ ಕೇಳಿದಾಗ ಹೆದರಿದೆ ಇಂದ್ರಾ. ಈಗ್ಲೂ ಹೆದರಿಕೆ ಅದೆ. ಆದ್ರೂ ಬಾ.”

ಇಂದ್ರಾಣಿ ಅವ್ವನ ಕಡೆ ನೋಡಿದಳು. ಮಾದಮ್ಮ ಸೆರಗಿನಿಂದ ಮಗಳ ಮುಖ ಒರೆಸಿದರು. “ಓಗು. ತಲೆ ತಗ್ಗಿಸ್ಬೇಡ,” ಎಂದರು.

ಗಾಡಿ ಸ್ಟಾರ್ಟಾಯಿತು. “ಹಿಂದೆ ಕೂತ್ಕೋ,” ಎಂದಳು ಇಂದ್ರಾಣಿ.

ಎಡಕ್ಕೆ ಕಪಿಲಾ ನದಿ ಕಂಡು ಮರೆಯಾಗುತ್ತಿತ್ತು, ಬಲಕ್ಕೆ ನಾಟಿಯಾದ ಗದ್ದೆಗಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಚಂದ್ರು ಮೊದಲು ಹಿಂದಿನ ಕಂಬಿ ಹಿಡಿದ. ಆಮೇಲೆ ತನ್ನ ಮಂಡಿ ಹಿಡಿದ.

“ಭುಜ ಹಿಡ್ಕೊಳೋ. ಬಿದ್ದುಹೋದ್ರೆ ನಿಮ್ಮಮ್ಮಂಗೆ ಏನು ಹೇಳ್ಲಿ?”

ಹಿಡಿದ. ನರಸೀಪುರದವರೆಗೂ ಆ ಬಿಸಿ ಅಂಗೈಯ ಜಾಗವೊಂದೇ ಮೈಯೆಲ್ಲ ಆದಂತಿತ್ತು ಅವಳಿಗೆ.

ಚಂದ್ರುವಿನ ಬೀದಿಗೆ ತಿರುಗಿದಾಗ ಜಗಲಿಗಳ ಮೇಲೆ ಕೂತವರ ಮಾತು ನಿಂತಿತು. ಶಿವಸ್ವಾಮಿಯವರ ಮಗ ಹುಡುಗಿಯೊಬ್ಬಳ ಹಿಂದೆ ಕೂತು ಬರುತ್ತಿದ್ದ. ಇಂದ್ರಾಣಿ ಮನೆ ಮುಂದೆ ಬ್ರೇಕ್ ಹಿಡಿದು ಕಾಲೂರಿದಳು. ಗಾಡಿ ಚೂರೂ ಅಲುಗಲಿಲ್ಲ. ಜಗಲಿಯ ಮೇಲೆ ಶಿವಸ್ವಾಮಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಚಂದ್ರುವಿನ ತಾಯಿ ಚಾಮುಂಡಮ್ಮ ಹೊರಗೆ ಬಂದರು. ಹುಡುಗಿಯನ್ನು ನೋಡಿದರು, ಗಾಡಿಯನ್ನು ನೋಡಿದರು, ಹಿಂದೆ ಮುದುರಿ ಕೂತಿದ್ದ ಮಗನನ್ನು ನೋಡಿದರು.

“ಅಷ್ಟು ದೂರದಿಂದ ನೀನೇ ಓಡಿಸ್ಕೊಂಡು ಬಂದ್ಯಾ?”

“ಹೂಂ ಅಮ್ಮ.”

“ಇವನಿಗೆ ಭಯ ಆಗ್ಲಿಲ್ವಾ?”

“ಆಯ್ತು. ನಂಗೂ ಆಯ್ತು.”

ಚಾಮುಂಡಮ್ಮನ ಮುಖ ಸಡಿಲವಾಯಿತು. ಅವರು ಜಗಲಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: “ಗುಂಜಾ ನರಸಿಂಹನ ಗುಡಿಗೆ ಓಗ್ಬೇಕು ಅಂತ ಬೆಳಗ್ಗಿಂದ ಬಡ್ಕೊತಾ ಇವ್ನಿ. ಇವರು ಗಾಡಿ ಕೀ ಕೊಡಲ್ಲ.” ಮತ್ತೆ ಇಂದ್ರಾಣಿಯತ್ತ ನೋಡಿ, “ನೀನು ಕರ್ಕೊಂಡೋಯ್ತೀಯಾ ಮಗ? ಬಂದು ಇಬ್ರೂ ಒಟ್ಟಿಗೆ ಒಳಗೆ ಕೂತು ಉಣ್ಣುವ.”

ಚಂದ್ರು ಇಳಿದ. ಚಾಮುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಬೀದಿಯ ಕಣ್ಣೆದುರು, ಒಂದೇ ಬದಿಗೆ ಕಾಲು ಹಾಕಿ ಹಿಂದಿನ ಸೀಟಿನಲ್ಲಿ ಕೂತು ಇಂದ್ರಾಣಿಯ ಭುಜ ಹಿಡಿದರು. ಬಳೆಗಳು ಅವಳ ಕಿವಿಯ ಬಳಿ ಸದ್ದು ಮಾಡಿದವು.

ಗೇರ್ ಹಾಕುವಷ್ಟರಲ್ಲಿ ಜಗಲಿಯಿಂದ ಗಡಸು ದನಿ ಬಂತು. ಪೇಪರ್ ಇನ್ನೂ ಮುಖಕ್ಕೆ ಅಡ್ಡವೇ ಇತ್ತು.

“ಮುಂದ್ಗಡೆ ರೋಡ್ ಅಗೆದವ್ರೆ. ಎಡಗಡೆಯಿಂದ ಓಗು.”

ಚಂದ್ರು ಬೆಚ್ಚಿ ಅಪ್ಪನ ಕಡೆ ತಿರುಗಿದ. ಇಂದ್ರಾಣಿ ಕ್ಲಚ್ ಬಿಡುವುದನ್ನೇ ಮರೆತಳು. ಆ ಗಾಬರಿಯಲ್ಲಿ, ಆ ಹಿಗ್ಗಿನಲ್ಲಿ, ಬಾಯಿಗೆ ಬಂದದ್ದು ಬಂದುಬಿಟ್ಟಿತು.

“ಸರಿ ಮಾವ!”

ಪೇಪರ್ ಒಂದು ಸಲ ಪಟಪಟನೆ ನಡುಗಿತು. ಹಿಂದಿನಿಂದ ಚಾಮುಂಡಮ್ಮ ಅವಳ ಭುಜ ಚಿವುಟಿ, ನಗು ನುಂಗುತ್ತಾ ಪಿಸುಗುಟ್ಟಿದರು: “ಒರಡು ಒರಡು, ತಿರುಗಿ ನೋಡ್ಬೇಡ.”

ಅವಳು ತಿರುಗಲಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡಿದಳು. ನಡುಬೀದಿಯಲ್ಲಿ ಚಂದ್ರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಹುಚ್ಚನಂತೆ ನಗುತ್ತಾ ನಿಂತಿದ್ದ. ಇಂದ್ರಾಣಿ ಗಾಡಿಯನ್ನು ಎಡಕ್ಕೆ ತಿರುಗಿಸಿದಳು.