ನಕ್ಷತ್ರ ಮೇಡಂ ಕೋರ್ಸಿನ ಪ್ರಸ್ತಾವ

“ಲೇ, ನಕ್ಷತ್ರ ಮೇಡಂ ಕೋರ್ಸಿನ ಪ್ರಸ್ತಾವ ವಿಭಾಗದಲ್ಲಿ ಪಾಸಾಯ್ತು ಕಣೇ!” ಎಂದು ಗೆಳತಿ ಕ್ಯಾಂಟೀನಿನಲ್ಲೇ ಕಿರುಚಿದಳು.

“ತಲೆ ಕೆಟ್ಟಿದ್ಯಾ ನಿಂಗೆ? ನಾನಿನ್ನೂ ಅರ್ಧಾನೂ ಬರ್ದಿಲ್ಲ!”

ಖಗೋಳ ಕಲಿಸುತ್ತಿದ್ದ ನಮ್ಮ ನಕ್ಷತ್ರ ಮೇಡಂ ತೀರಿಕೊಂಡು ಎರಡು ತಿಂಗಳಾಗಿತ್ತು. ಇಂದು ಕಾಲೇಜಿನ ಪಠ್ಯಕ್ರಮದ ಸಾಫ್ಟ್‌ವೇರಿನಲ್ಲಿ ಪ್ರಸ್ತಾವ ಸಲ್ಲಿಸದಿದ್ದರೆ ಅವರ ಕೋರ್ಸ್ ರದ್ದು. ವಿದ್ಯಾರ್ಥಿ ಪ್ರತಿನಿಧಿಯಾಗಿ ಅದನ್ನು ಬರೆಯುವ ಕೆಲಸ ನನ್ನದು.

ಫೋನ್ ತೆಗೆದೆ, ಮಂಜುಗಡ್ಡೆಯಂತೆ ತಣ್ಣಗಿತ್ತು. ಸಾಫ್ಟ್‌ವೇರ್ ತೆರೆದರೆ ಪ್ರಸ್ತಾವ ಪೂರ್ತಿಯಾಗಿತ್ತು, ಅದೂ ಎಷ್ಟು ಅಚ್ಚುಕಟ್ಟಾಗಿ! ನಾನು ಬರೆದಿದ್ದ ‘ತುಂಬಾ’ಗಳೆಲ್ಲ ಮಾಯ, ನನ್ನ ಉತ್ತರಪತ್ರಿಕೆಗಳಲ್ಲೂ ಮೇಡಂ ಅದನ್ನೇ ಹೊಡೆದುಹಾಕುತ್ತಿದ್ದರು. ಪಕ್ಕದಲ್ಲೊಂದು ಟಿಪ್ಪಣಿ: “ಮೊದ್ಲು ಕಾರಣ ಹೇಳು, ಆಮೇಲೆ ಅಳು, ಗುಬ್ಬಿ.” ನನ್ನನ್ನು ಗುಬ್ಬಿ ಎನ್ನುತ್ತಿದ್ದವರು ಅವರೊಬ್ಬರೇ.

“ಇಲ್ಲಿ ಯಾಕೇ ಸೀಮೆಸುಣ್ಣದ ವಾಸನೆ?” ಎಂದಳು ಗೆಳತಿ.

ನಾಳೆ ಹತ್ತಕ್ಕೆ ಪ್ರಸ್ತಾವಕ್ಕೆ ಅಂತಿಮ ಒಪ್ಪಿಗೆ ಕೊಡುವ ಪಠ್ಯಕ್ರಮ ಸಮಿತಿಯ ಸಭೆ. ಬರುತ್ತೇನೆಂದು ಒಪ್ಪಿದವರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆಯೇ ಮೇಡಂ ಹೆಸರಿದೆ.