ಐದಕ್ಕಿಟ್ಟ ಕೊಂಡಿ

ಬಾಗಿಲು ತಟ್ಟದೆ ಒಳಗೆ ಬಂದ ಗ್ರೆಗೊರ್, ಹೆಗಲ ಮೇಲಿದ್ದ, ಹಿಮದ ಮೇಲೆ ಜಾರುವ ಸ್ಕೀ ಜೋಡಿಯನ್ನು ವಿಲ್ಮಳ ಊಟದ ಮೇಜಿನ ಮೇಲೆ ಹೆಣ ಮಲಗಿಸಿದಂತೆ ಮಲಗಿಸಿದ. ಸೂಪಿನ ಬಟ್ಟಲು ಸರಿಸುವಷ್ಟೂ ಪುರುಸೊತ್ತು ಕೊಡಲಿಲ್ಲ.

"ವಿಲ್ಮಕ್ಕ, ನನ್ನ ಮಗಳ ಜೀವ ತೆಗೆದಿದ್ದು ಇದು. ತೆಗೆಸಿದೋನು ಆ ಸ್ಕೀ ಅಂಗಡಿ ಲೋವ್ರೊ. ಅದನ್ನ ಸಾಬೀತು ಮಾಡಿಕೊಡು, ಇನ್ನೇನೂ ಕೇಳಲ್ಲ."

ಪಾವ್ಲಳ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವಳು ಆ ಕಣಿವೆಯ ಹಳೆಯ ಸೂಲಗಿತ್ತಿ. ಗ್ರೆಗೊರನ ಮಗಳು ತಿಂಕಾರ ಹುಟ್ಟಿ ಮೊದಲು ಬಿದ್ದದ್ದು ಅವಳ ಕೈಗೇ. ವಿಲ್ಮ ರಾಜಧಾನಿಯಲ್ಲಿ ಕೊಲೆಗಳ ತನಿಖೆ ಮಾಡಿ ಮಾಡಿ ಸಾಕಾಗಿ ಊರಿಗೆ ಮರಳಿದವಳು. ಈಗ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಗಾಗಿ ದಿನವೂ ಜಗಳವಾಡಿಕೊಂಡು ಸುಖವಾಗಿದ್ದರು. ಹಸು ಕಳೆದರೂ ಮಾನ ಕಳೆದರೂ ಊರಿನವರು ಬರುತ್ತಿದ್ದದ್ದು ಈ ಮೇಜಿಗೇ.

ಹಿಂದಿನ ವಾರ ತಿಂಕಾರಳ ಹೆಣ ಬೆಟ್ಟದ ಹಿಂಬದಿಯಲ್ಲಿ, ಒಂದು ಪೈನ್ ಮರದ ಬುಡದಲ್ಲಿ ಸಿಕ್ಕಿತ್ತು. ಮೆಲ್ಲಗೆ ಹೋಗುತ್ತಿದ್ದಾಗಲೇ ಸ್ಕೀ ತುದಿ ಕೊಂಬೆಗೆ ಸಿಕ್ಕಿ ಅವಳು ತಲೆಕೆಳಗಾಗಿ ಒದ್ದೆ ಹಿಮದೊಳಗೆ ಬಿದ್ದಿದ್ದಳು. ಹಾಗೆ ಬಿದ್ದಾಗ ಬೂಟು ಹಿಡಿದ ಕೊಂಡಿ ತಾನಾಗಿ ಬಿಟ್ಟುಕೊಳ್ಳಬೇಕು. ಬಿಡಲಿಲ್ಲ. ಕಾಲು ಮೇಲೆ ಸಿಕ್ಕಿಕೊಂಡು, ಬಾಯಿ ಮೂಗಿಗೆಲ್ಲ ಹಿಮ ತುಂಬಿ, ಹುಡುಗಿ ಉಸಿರುಕಟ್ಟಿ ಸತ್ತಿದ್ದಳು.

"ಕೊಂಡಿ ಮೇಲಿನ ಅಂಕಿ ನೋಡು," ಎಂದ ಗ್ರೆಗೊರ್. "ಜಾಸ್ತಿಯಾದಷ್ಟೂ ಕೊಂಡಿ ಬಿಗಿ. ಅವಳ ತೂಕಕ್ಕೆ ಆರು ಸಾಕು. ಇಲ್ಲಿ ಹತ್ತು! ನಾಲ್ಕು ತಿರುಪೂ ಹತ್ತಕ್ಕೆ! ಹೊಸ ವರ್ಷದ ದಿನ ಅವನನ್ನ ಮದುವೆ ಆಗಲ್ಲ ಅಂದ್ಲಲ್ಲ, ಅದರ ಸೇಡು. ನೀನು ಏನೂ ಮಾಡಲ್ಲ ಅಂದ್ರೆ ನಾನೇ ಅವನನ್ನ ನೋಡ್ಕೋತೀನಿ."

ಅದು ಬಾಯಿಮಾತಲ್ಲ ಎಂದು ಪಾವ್ಲಳಿಗೆ ಗೊತ್ತಾಯಿತು. ಆ ಕಣ್ಣುಗಳಲ್ಲಿ ನಿದ್ದೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಕೂತ್ಕೋ. ಒಂದು ತುತ್ತು ತಿನ್ನು ಮೊದಲು," ಎಂದು ವಿಲ್ಮ ರೊಟ್ಟಿಯನ್ನು ಮುಂದೆ ತಳ್ಳಿದಳು. ಗ್ರೆಗೊರ್ ಅಭ್ಯಾಸಬಲದಿಂದ ಜೇಬಿನ ಚಾಕು ತೆಗೆದು, ಮೊನೆ ಮುರಿದಿದ್ದ ಅದರಿಂದಲೇ ರೊಟ್ಟಿ ಕೊಯ್ದ. ಕೊಯ್ದದ್ದನ್ನು ತಿನ್ನಲಿಲ್ಲ.

ಅವನು ಹೋದ ಮೇಲೆ ವಿಲ್ಮ ಭೂತಗನ್ನಡಿ ಹಿಡಿದು ತಿರುಪುಗಳನ್ನು ನೋಡಿದಳು. ಪ್ರತಿ ತಿರುಪಿನ ತಲೆಯ ಮೇಲೂ, ಏನೋ ಜಾರಿ ಕೊರೆದಂತೆ, ಒಂದೇ ಪಕ್ಕದಲ್ಲಿ ಗೀರು. ಆಮೇಲೆ ಸ್ಕೀಗಳನ್ನು ಮಗುಚಿ ಹಾಕಿದಳು.

"ಕೈ ಆಡಿಸು ಪಾವ್ಲ."

"ಹೊಸ ತಟ್ಟೆ ಇದ್ದ ಹಾಗಿದೆಯಲ್ಲೇ."

"ತುದಿಯ ಅಂಚು?"

"ಚೂಪೇ ಇಲ್ಲ. ಯಾರೋ ಅರ ಹಾಕಿ ಮೊಂಡು ಮಾಡಿದ್ದಾರೆ. ಯಾಕೆ?"

"ಅದನ್ನೇ ಯೋಚಿಸ್ತಿದೀನಿ. ತಿಂಕಾರಂಗೆ ಯಾರ ಬೂಟು ಹಿಡೀತಿತ್ತು?"

"ಇದೊಳ್ಳೆ ಪ್ರಶ್ನೆ! ಅಪ್ಪಂದೇ. ಎತ್ತರವೂ ಅಪ್ಪಂದೇ, ಪಾದವೂ ಅಪ್ಪಂದೇ. ನಾಲಿಗೆ ಒಂದೇ ಅಮ್ಮಂದು ಅಂತ ಊರೆಲ್ಲ ನಗ್ತಿತ್ತಲ್ಲ," ಎನ್ನುವಷ್ಟರಲ್ಲಿ ಪಾವ್ಲಳಿಗೆ ಅಳು ಒತ್ತರಿಸಿ ಬಂತು. ವಿಲ್ಮ ಅವಳನ್ನೂ ಕರೆದುಕೊಂಡು ಲೋವ್ರೊನ ಅಂಗಡಿಗೆ ಹೊರಟಳು.

ಲೋವ್ರೊನ ಅಂಗಡಿಯ ಗಾಜಿಗೆ ಯಾರೋ ಕಲ್ಲು ಹೊಡೆದಿದ್ದರು. ಒಡೆದ ಜಾಗಕ್ಕೆ ರಟ್ಟು ಅಂಟಿಸಿತ್ತು. ಊರ ಬಾಯಿಗೆ ಬೀಗ ಹಾಕುವವರು ಯಾರು? ರೊಟ್ಟಿ ಅಂಗಡಿಯವಳು ಕೂಡ ಅವನ ಮುಖ ನೋಡುವುದನ್ನು ಬಿಟ್ಟಿದ್ದಳು.

"ಅವಳು ಸ್ಕೀ ಹೇಗೆ ಆರಿಸಿದ್ಲು, ಹೇಳಪ್ಪಾ," ಎಂದಳು ವಿಲ್ಮ.

"ಮೂರು ಜೋಡಿ ಒಯ್ದು ಒಂದೊಂದಾಗಿ ಓಡಿಸಿ ನೋಡಿದ್ಲು. ಬೆಳಗ್ಗೆ ಗಟ್ಟಿ ಹಿಮದ ಮೇಲೆ, ಮಧ್ಯಾಹ್ನ ಕರಗಿ ಕೆಸರಾದಾಗ. ಒಂದು ತೀರಾ ಅಗಲ ಅಂದ್ಲು. ಇನ್ನೊಂದು ತೀರಾ ಬಿರುಸು, ಅಹಂಕಾರದ್ದು ಅಂದ್ಲು. ಇದನ್ನ ಮಾತ್ರ ತಬ್ಬಿಕೊಂಡೇ ಬಂದ್ಲು. 'ಇದು ಇಡೀ ಬೆಟ್ಟಕ್ಕಾಗತ್ತೆ ಲೋವ್ರೊ, ತಪ್ಪು ಮಾಡಿದ್ರೂ ಕ್ಷಮಿಸತ್ತೆ' ಅಂತ." ಲೋವ್ರೊ ಮುಖ ತಿರುಗಿಸಿಕೊಂಡ. "ಕ್ರಿಸ್‌ಮಸ್‌ಗೆ ತನಗೊಂದು ಜೋಡಿ ತಗೊಂಡ್ಲು. ಹೋದ ತಿಂಗಳು ಬಂದು ತದ್ವತ್ ಅದೇ ಥರದ ಇನ್ನೊಂದು ಜೋಡಿ ಒಯ್ದಳು, ಅಪ್ಪನ ಹೆಸರಿನ ಸಂತನ ಹಬ್ಬಕ್ಕೆ ಉಡುಗೊರೆ ಅಂತ. ಮೊಣಕಾಲು ಹೋದ ಮೇಲೆ ಗ್ರೆಗೊರಣ್ಣ ಬೆಟ್ಟ ಹತ್ತೇ ಇಲ್ವಲ್ಲ. ಅವಳದ್ದು ಆರಕ್ಕಿಟ್ಟೆ, ಅಪ್ಪಂದು ಆ ಮೊಣಕಾಲಿಗಾಗಿ ಐದಕ್ಕೆ. 'ಐದು ನೋಡಿದ್ರೆ ಅಪ್ಪ ಸಿಟ್ಟಿಗೆ ಕುಣಿದಾಡ್ತಾನೆ' ಅಂತ ನಕ್ಕಳು. ಅಮ್ಮನಾಣೆ ವಿಲ್ಮಮ್ಮ, ನಾನು ಹತ್ತಕ್ಕಿಡಲಿಲ್ಲ. ಅವಳು ಬೇಡ ಅಂದ ಮಾತ್ರಕ್ಕೆ ನನಗೆ ಅವಳು ಬೇಡವಾಗಿದ್ಲಾ?"

ಹಿಂದಿರುಗುವ ದಾರಿಯಲ್ಲಿ ವಿಲ್ಮ ಸೇತುವೆಯ ಮೇಲೆ ನಿಂತಳು.

"ಪಾವ್ಲ, ಇದನ್ನ ಹೇಳಿದ್ರೆ ಒಬ್ಬ ಸಾಯ್ತಾನೆ. ಹೇಳದಿದ್ರೆ ಇನ್ನೊಬ್ಬ."

"ಹಾಗಾದ್ರೆ ಸುಮ್ಮನಿದ್ದುಬಿಡೇ. ಸತ್ತೋಳೇನು ಎದ್ದು ಬರ್ತಾಳಾ?"

"ಆ ಹುಡುಗ ಬದುಕಿದಾನಲ್ಲ. ಮಾಡದ ಪಾಪ ಹೊತ್ಕೊಂಡು ಇನ್ನೆಷ್ಟು ದಿನ ಬದುಕ್ತಾನೆ?"

ಮಾರನೆಯ ದಿನವೇ ಸಂತ ಗ್ರೆಗೊರನ ಹಬ್ಬ. ಸಂಜೆ ಮಕ್ಕಳು ಕಾಗದದ ಮನೆಗಳೊಳಗೆ ದೀಪವಿಟ್ಟು ಹೊಳೆಗೆ ಬಿಡುತ್ತಿದ್ದರು. ಗ್ರೆಗೊರನ ಕೊಟ್ಟಿಗೆಯಲ್ಲಿ ಮಾತ್ರ ಹಬ್ಬವಿರಲಿಲ್ಲ. ಗ್ರೆಗೊರ್, ಅವನ ಹೆಂಡತಿ ಅನಿತ್ಸ, ಬಾಗಿಲ ಬಳಿ ಗೋಡೆಗಂಟಿ ನಿಂತ ಲೋವ್ರೊ, ನಡುವೆ ವಿಲ್ಮ ಮತ್ತು ಪಾವ್ಲ, ಅವರ ಕಾಲ ಬಳಿ ಗ್ರೆಗೊರ್ ತಂದುಕೊಟ್ಟಿದ್ದ ಸ್ಕೀ ಜೋಡಿ. ಮೂಲೆಯಲ್ಲಿ ಹಳೆಯ ಕಂಬಳಿ ಸುತ್ತಿ ಕೆಂಪು ಪಟ್ಟಿ ಕಟ್ಟಿದ ಉದ್ದನೆಯ ಗಂಟು ಒರಗಿತ್ತು.

"ತಿಂಕಾರ ಇಡೀ ಚಳಿಗಾಲ ಓಡಿಸಿದ ಸ್ಕೀಗೆ ಕಲ್ಲು ತಾಗದೆ ಇರತ್ತಾ?" ವಿಲ್ಮ ಶುರುಮಾಡಿದಳು. "ಸಾಯುವಾಗ ಅವಳ ಕಾಲಲ್ಲಿದ್ದ ಜೋಡಿ ನೋಡಿ, ಒಂದು ಗೀರಿಲ್ಲ. ಅಂದ್ರೆ ಅದು ಅವಳದ್ದಲ್ಲ. ಅನಿತ್ಸ, ಆ ಗಂಟು ಬಿಚ್ಚು."

"ಯಾರೂ ಮುಟ್ಟಬೇಡಿ!" ಗ್ರೆಗೊರ್ ಗದರಿದ. "ಅದು ನನ್ನ ಮಗಳು ನನಗೆ ಅಂತ ಇಟ್ಟಿದ್ದು. ಅವಳು ಹೋದ ಮೇಲೆ ನನ್ನ ಕೈಲೇ ಬಿಚ್ಚೋಕಾಗಿಲ್ಲ."

ಅನಿತ್ಸ ಅವನ ಮಾತು ಕೇಳಿಸಿಕೊಳ್ಳದವಳಂತೆ ಪಟ್ಟಿ ಎಳೆದಳು. ಕಂಬಳಿ ಜಾರಿತು. ಒಳಗಿದ್ದ ಜೋಡಿಯ ತಳದ ತುಂಬ ಗೀರು, ಅಂಚಿನಲ್ಲಿ ಕಲ್ಲಿನ ಏಟು.

"ಕೊಂಡಿಯ ಅಂಕಿ ಓದು ಗ್ರೆಗೊರ್."

ಅವನು ಬಗ್ಗಿದ. "ಆರು," ಎಂದ. ಮತ್ತೆ ನೋಡಿದ. "ಆರು ಹೇಗಾಗತ್ತೆ? ಇದು ಹತ್ತು ಇರಬೇಕಲ್ಲ..."

"ಹತ್ತು ಇರಬೇಕು ಅಂತ ನಿಮಗೆ ಹೇಗೆ ಗೊತ್ತು?" ಎಂದು ಅನಿತ್ಸ ಕೇಳಿದಳು.

ಪಾವ್ಲಳಿಗೆ ಆಗ ಎಲ್ಲವೂ ತಿಳಿಯಿತು. ತಿಳಿಯಬಾರದಿತ್ತು ಎನ್ನಿಸಿತು.

ವಿಲ್ಮ ದನಿ ತಗ್ಗಿಸಿ ಹೇಳಿದಳು: "ಅಂಗಡಿಯವರು ಸರಿಯಾದ ತಿರುಪುಳಿ ಹಿಡೀತಾರೆ, ಗೀರು ಬೀಳಲ್ಲ. ಇಲ್ಲಿ ನಾಲ್ಕೂ ತಿರುಪಿನ ಮೇಲೆ ಮೊನೆ ಮುರಿದ ಚಾಕು ಜಾರಿದೆ. ನೀನು ಹಬ್ಬಕ್ಕೆ ಮುಂಚೆಯೇ ಕದ್ದು ಕಂಬಳಿ ಬಿಚ್ಚಿ ನಿನ್ನ ಉಡುಗೊರೆ ನೋಡಿದ್ದೆ, ಅಲ್ವೇನೋ?"

"ಐದು ಇತ್ತು ಅಕ್ಕಾ," ಅವನ ದನಿ ಮಗುವಿನದಾಗಿತ್ತು. "ಮುದುಕರ ಅಂಕಿ. ನಾನು ಸ್ಪರ್ಧೆಗೆ ಓಡ್ತಿದ್ದಾಗ ಹತ್ತಕ್ಕಿಂತ ಕೆಳಗೆ ಇಟ್ಟೋನಲ್ಲ. ಲೋವ್ರೊ ಮನಸ್ಸಲ್ಲೇ ನಕ್ಕಿರ್ತಾನೆ ಅನ್ನಿಸ್ತು. ಹತ್ತಕ್ಕೆ ತಿರುಗಿಸಿ ಮತ್ತೆ ಕಟ್ಟಿಟ್ಟೆ. ನನ್ನ ಸ್ಕೀ ತಾನೇ ಅಂದ್ಕೊಂಡೆ."

"ನಿನ್ನದೇ. ಆದರೆ ನಿನ್ನ ಮಗಳಿಗೆ ನಿನ್ನ ಮೊಣಕಾಲಿನದೇ ಚಿಂತೆ. ಹೊಸ ಸ್ಕೀ ತುದಿ ಹಿಮ ಕಚ್ಚಿದ್ರೆ ನಿನ್ನ ಕಾಲು ತಿರುಚತ್ತೆ ಅಂತ ಅರ ಹಾಕಿ ಮೊಂಡು ಮಾಡಿದ್ಲು. ಸರಿಹೋಯ್ತಾ ಅಂತ ತಾನೇ ಹಾಕ್ಕೊಂಡು ನೋಡೋಕೆ ಹೋದ್ಲು. ಐದಕ್ಕಿಟ್ಟಿದ್ದನ್ನ ಕಣ್ಣಾರೆ ಕಂಡಿದ್ಲಲ್ಲ, ಅಂಕಿ ಯಾಕೆ ನೋಡ್ತಾಳೆ? ಉಡುಗೊರೆ ಕಾಣೆಯಾಗಿದೆ ಅಂತ ನಿನಗೆ ಗೊತ್ತಾಗದಿರಲಿ ಅಂತ ತನ್ನ ಜೋಡಿಗೆ ಕಂಬಳಿ ಸುತ್ತಿ ಅಲ್ಲಿಟ್ಟಳು. ಇಬ್ಬರ ಪಾದವೂ ಒಂದೇ ಅಳತೆ, ಬೂಟು ಸಲೀಸಾಗಿ ಕೂತಿತು. ನೀನೂ ಕೊಲ್ಲಬೇಕು ಅಂತ ಮಾಡಲಿಲ್ಲ, ಯಾರೂ ಮಾಡಲಿಲ್ಲ. ಮಾಡಿದ್ದು ಮಾತ್ರ ನಿನ್ನ ಚಾಕು."

ಅನಿತ್ಸ ಗಂಡನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. "ಐದು ಅಂದ್ರೆ ಏನಾಗ್ತಿತ್ತು ನಿಮಗೆ? ಏನು ಸವೆದು ಹೋಗ್ತಿದ್ರಾ?" ಗುದ್ದುತ್ತಲೇ ಅವನ ಅಂಗಿ ಹಿಡಿದುಕೊಂಡು ಕುಸಿದಳು. ಅವನು ಒಂದು ಏಟನ್ನೂ ತಡೆಯಲಿಲ್ಲ. ಹೆತ್ತ ಕರುಳಿಗೆ ಯಾವ ಸಮಾಧಾನ ಹೇಳುವುದು? ಪಾವ್ಲ ಅವಳ ಬೆನ್ನು ಸವರುತ್ತ ತಾನೂ ಅತ್ತಳು.

ಬಹಳ ಹೊತ್ತಿನ ಮೇಲೆ ಗ್ರೆಗೊರ್ ಜೇಬಿನಿಂದ ಚಾಕು ತೆಗೆದ. ಪಾವ್ಲ ಅಡ್ಡ ಬರಲು ಎದ್ದಳು. ಅವನು ಕುಂಟುತ್ತ ಹೋಗಿ ಅದನ್ನು ಲೋವ್ರೊನ ಅಂಗೈಗಿಟ್ಟ.

"ನಿನ್ನ ಹತ್ರ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲಪ್ಪ. ಇದೊಂದು ಮಾಡಿಕೊಡು. ನನ್ನ ಜೋಡೀನ ಐದಕ್ಕೆ ತಿರುಗಿಸು. ಅವಳು ಐದು ಅಂದಿದ್ಲು."

ಲೋವ್ರೊ ಮಂಡಿಯೂರಿದ. ಮೊನೆ ಮುರಿದ ಚಾಕು ಎರಡು ಸಲ ಜಾರಿತು. ಒಂದಾದ ಮೇಲೊಂದು ತಿರುಪು ಸಡಿಲಿಸಿದ. "ಐದು, ಗ್ರೆಗೊರಣ್ಣ," ಎಂದ.

ಗ್ರೆಗೊರ್ ಬಗ್ಗಿ ಪ್ರತಿ ಅಂಕಿಯನ್ನೂ ತಾನೇ ಓದಿದ. ಆಮೇಲೆ ನೆಲದ ಮೇಲೆ ಕೂತು, ಮಗಳು ತನಗಾಗಿ ಆರಿಸಿದ ಸ್ಕೀಗಳನ್ನು ಮಡಿಲಿಗೆ ಎಳೆದುಕೊಂಡು, ಅವಳು ಅರ ಹಾಕಿದ ತುದಿಗಳನ್ನು ಬೆರಳಿನಿಂದ ಸವರುತ್ತ ಅಳತೊಡಗಿದ.